ನೀನು ಮೆಟ್ಟಿಸಿದ ಚಪ್ಪಲಿ

ಲೊಕ್ಕನಹಳ್ಳಿ, ಹನೂರು ತಾಲ್ಲೂಕು
14 ಜುಲೈ 2025, ಸೋಮವಾರ

ಮಗನೇ ಮಾದೇಶ,

ಹೇಗಿದ್ದೀಯಪ್ಪ? ಅಲ್ಲಿ ಚಳಿ ಅಂತಿದ್ದೆ, ಕೆಮ್ಮು ಬಿಟ್ಟಿತಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೇ? ನಿಮ್ಮಪ್ಪ ಚೆನ್ನಾಗಿದ್ದಾರೆ, ಕಾಡುಹಂದಿ ಕಾಟಕ್ಕೆ ಜೋಳದ ಹೊಲದಲ್ಲೇ ಮಲಗುತ್ತಾರೆ. ಕೆಂದ ಹಸು ಹೆಣ್ಣುಗರು ಹಾಕಿದೆ. ಫೋನಿನಲ್ಲಾದರೆ ನೀನು ನಗಿಸಿ ನನ್ನ ಬಾಯಿ ಮುಚ್ಚಿಸುತ್ತೀಯ. ಅದಕ್ಕೇ ಈ ಕಾಗದ.

ಶುಕ್ರವಾರ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಯಳಂದೂರಿನ ಗುರುಪ್ರಕಾಶ್ ಸಿಕ್ಕಿದ. ಸೈನ್ಯದ ಹೆಲಿಕಾಪ್ಟರ್ ರಿಪೇರಿಯಲ್ಲಿ ನಿನ್ನ ಜೊತೆಗಿರುವವನೇ, ರಜಕ್ಕೆ ಬಂದಿದ್ದಾನಂತೆ. ಒಳ್ಳೆಯ ಹುಡುಗ, ಟೀ ಕೊಡಿಸಿದ. ನಿನ್ನನ್ನು ಹೊಗಳುವ ಭರದಲ್ಲಿ, "ಎಲಿಕಾಪ್ಟ್ರುಗೆ ಇಂಜಿನ್ ಕೆಟ್ರೆ ತೋರ್ಸ ಒಸಾ ಪೆಟ್ಗೆ ಕೂರ್ಸುದ್ಮೇಲೆ, ಅದು ನೆಟ್ಗೆ ಕೆಲ್ಸ ಮಾಡ್ತದಾ ಅಂತ ಮೇಲಕ್ ತಕಂಡೋಗೇ ನೋಡ್ಬೇಕು ಕಣವ್ವ. ಎಲ್ರಿಗಿಂತ ಮೊದ್ಲು ಅದ್ರಲ್ ಕೂರದು ನಿಮ್ ಮಾದೇಶನೇ" ಅಂದುಬಿಟ್ಟ. ಟೀ ಲೋಟ ಅಲ್ಲೇ ಇಟ್ಟುಬಿಟ್ಟೆ.

ಶಿವರಾತ್ರಿಗೆ ಬಂದಾಗ ನೀನು ಹೇಳಿದ್ದೇನು? "ಮೊದ್ಲು ಇಂಜಿನ್ ಸದ್ದು ಕೇಳಕೆ ನಾವೂ ಕೂತ್ಕಂಡು ಓಗ್ಬೇಕಿತ್ತು ಕಣವ್ವ. ಈಗ ನಡುಗುದ್ರೂ, ಸವುದ್ರೂ ಪೆಟ್ಗೇನೇ ತೋರುಸ್ತದೆ. ನಾನಿನ್ನು ನೆಲ ಬುಟ್ಟು ಏಳಕಿಲ್ಲ" ಅಂದೆ. ನೀನು ಹಾರುವುದು ನಿಲ್ಲುವವರೆಗೂ ಕಾಲಿಗೇನೂ ಮೆಟ್ಟುವುದಿಲ್ಲವೆಂದು ಮಾದಪ್ಪನಿಗೆ ಹರಕೆ ಹೊತ್ತವಳು ನಾನು. ಜಾಲಿ ಮುಳ್ಳು ಚುಚ್ಚಿ ಕೀವಾದರೂ ಬಿಟ್ಟಿರಲಿಲ್ಲ. ನಿನ್ನ ಮಾತು ನಂಬಿ ಬೆಟ್ಟಕ್ಕೆ ಹೋಗಿ, "ನನ್ ಮಗ ಇಳುದ ಕಣಪ್ಪ" ಅಂತ ಕೈಮುಗಿದು ಹರಕೆ ತೀರಿಸಿದೆ. ಪಕ್ಕದಲ್ಲೇ ನಿಂತಿದ್ದೆಯಲ್ಲ, ತುಟಿ ಬಿಚ್ಚಿದೆಯಾ? ಮನೆಗೆ ಬಂದ ಮೇಲೆ ಜಗಲಿಯಲ್ಲಿ ಮಂಡಿಯೂರಿ ಕೂತು, ಹೊಸ ಚಪ್ಪಲಿಯನ್ನು ನೀನೇ ನನ್ನ ಕಾಲಿಗೆ ಮೆಟ್ಟಿಸಿದೆ. ಮಗ ತಂದದ್ದು ಅಂತ ಬೀದಿಗೆಲ್ಲ ತೋರಿಸಿಕೊಂಡು ಬಂದೆ, ಪೆದ್ದಿ ನಾನು.

ಹೆತ್ತವಳ ಬಾಯಲ್ಲಿ ಮಾದಪ್ಪನಿಗೇ ಸುಳ್ಳು ಹೇಳಿಸಿದೆಯಲ್ಲೋ! ಮನಸ್ಸಾದರೂ ಹೇಗೆ ಬಂತು? ನಂಬಿಸಿ ಕತ್ತು ಕುಯ್ಯುವುದು ಅಂದರೆ ಇದೇ. ಬೇರೆ ಯಾರಾದರೂ ಮಾಡಿದ್ದರೆ ಮಣ್ಣು ತೂರಿ ಶಾಪ ಹಾಕುತ್ತಿದ್ದೆ. ನಿನಗೆ ಹಾಕುವುದಕ್ಕೆ ನಾಲಿಗೆ ಏಳುವುದಿಲ್ಲ, ಅದೂ ನಿನಗೆ ಗೊತ್ತು.

ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಮಾದಪ್ಪ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಳ್ಳಲಿ, ನಿನ್ನನ್ನು ಕಾಯಲಿ.

ನಿನ್ನವ್ವ,
ಗುರುಸಿದ್ದಮ್ಮ

ಇನ್ನೊಂದು ಮಾತು: ಅವತ್ತು ಬಸ್ ಸ್ಟ್ಯಾಂಡಿನಲ್ಲೇ ಚಪ್ಪಲಿ ಕಳಚಿ ಚೀಲಕ್ಕೆ ಹಾಕಿಕೊಂಡೆ. ಬಿಸಾಡಿಲ್ಲ, ಬಾಗಿಲ ಹಿಂದೆ ಇಟ್ಟಿದ್ದೇನೆ. ನೀನು ಮೇಲಕ್ಕೆ ಹೋಗದ ದಿನ ಬೆಳಿಗ್ಗೆ ಫೋನ್ ಮಾಡು, ಆ ದಿನ ಮಾತ್ರ ಮೆಟ್ಟುತ್ತೇನೆ. ಹೋಗುವ ದಿನ ಹೋಗುತ್ತೇನೆ ಅನ್ನು. ಬರಿಗಾಲು ನನಗೆ ಹೊಸದಲ್ಲ. ಸುಳ್ಳು ಹೇಳಿ ಮಾತ್ರ ಮತ್ತೆ ಮೆಟ್ಟಿಸಬೇಡ ಮಗ.