ಮಾತಿನ ಕೆಳಗಿನ ಅಕ್ಷರ

ಅಕ್ಟೋಬರ್ ೧೨, ಭಾನುವಾರ ಮಧ್ಯಾಹ್ನ

ಮುದ್ದು ಗುಬ್ಬಿ,

ಅಮ್ಮ ಚೆನ್ನಾಗಿದ್ದಾಳೆ, ಅಪ್ಪನೂ ಚೆನ್ನಾಗಿದ್ದಾರೆ. ಇದನ್ನು ಮೊದಲೇ ಬರೆದುಬಿಟ್ಟೆ, ಯಾಕೆಂದರೆ ಇಷ್ಟು ತಡವಾಗಿ ಬಂದ ಕಾಗದ ಬಿಚ್ಚುವಾಗ ನಿನ್ನ ಎದೆ ಡವಡವ ಅನ್ನುತ್ತಿರುತ್ತದೆ. ತಡ ಮಾಡಿದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ, ಮರೆತುಬಿಟ್ಟಳು ಅಂತ ಮಾತ್ರ ಅಂದುಕೊಳ್ಳಬೇಡ. ಶುರು ಮಾಡಿ ಮಾಡಿ ಹರಿದು ಹಾಕಿದೆ. ನೀನು ಕೇಳಿದ ಪ್ರಶ್ನೆಯೇ ಹಾಗಿತ್ತು. ವಿಡಿಯೋ ಕಾಲ್ ಮಾಡಮ್ಮ ಅನ್ನುತ್ತೀಯ. ಅದರಲ್ಲಿ ಚಿತ್ರ ನಿಂತು ನಿಂತು ಬರುತ್ತದೆ, ನಿನ್ನ ತುಟಿ ಓದುವಷ್ಟರಲ್ಲಿ ಅದು ಕಲ್ಲಾಗಿಬಿಟ್ಟಿರುತ್ತದೆ, ನಾನು ಅರ್ಥವಾದವಳ ಹಾಗೆ ತಲೆ ಆಡಿಸುತ್ತಾ ಕೂರಬೇಕು. ಕಿವಿ ಕೇಳದವಳಿಗೆ ಕಾಗದವೇ ಸರಿ.

ಆಸ್ಪತ್ರೆಯಲ್ಲಿ ನಿನ್ನ ಜೊತೆಯ ನರ್ಸ್‌ಗಳೆಲ್ಲ ಅಪ್ಪನ ವಿಡಿಯೋ ನೋಡುತ್ತಾರೆ ಎಂದು ಬರೆದಿದ್ದೀಯ. ವಾರ್ಡಿನ ಮಂಚದ ಚಕ್ರವನ್ನು ಅಪ್ಪ ಹೇಳಿದ ಹಾಗೇ ಸರಿ ಮಾಡಿದರಂತೆ. ಓದಿ ಖುಷಿಯಾಯಿತು. ಅದರ ಕೆಳಗೇ ಕೇಳಿದ್ದೀಯ, ಬ್ಲಾಗ್ ಯಾಕೆ ನಿಂತುಹೋಯಿತು, ಅಪ್ಪನ ಹೆಸರು ಇಷ್ಟು ದೊಡ್ಡದಾದರೂ ನಿನ್ನ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲವಲ್ಲ, ನಿಮ್ಮಿಬ್ಬರ ಮಧ್ಯೆ ಏನಾದರೂ ಆಗಿದೆಯಾ ಎಂದು. ಏನೂ ಆಗಿಲ್ಲ ಕಣೇ. ಜಗಳವಾಗಿದ್ದರೆ ಇಷ್ಟು ಹೊತ್ತಿಗೆ ಹೇಳಿ ಹಗುರವಾಗಿರುತ್ತಿದ್ದೆ. ಒಂದೊಂದಾಗಿ ಹೇಳುತ್ತೇನೆ, ನೀನೇ ನೋಡು.

ನಮ್ಮ ಮುಂದಿನ ಕೋಣೆ ನಿನಗೆ ನೆನಪಿದೆಯಲ್ಲ, ಎದುರುಬದುರು ಜೋಡಿಸಿದ ಎರಡು ಮೇಜು. ಅಪ್ಪ ಬರೆಯುವುದು, ನಾನು ತಿದ್ದುವುದು. ನನ್ನನ್ನು ಕರೆಯಬೇಕಾದರೆ ಅವರು ಮೇಜು ತಟ್ಟುತ್ತಿದ್ದರು, ಅದು ನನ್ನ ಮೊಣಕೈಗೆ ತಿಳಿಯುತ್ತಿತ್ತು. ಕೊಡೆ, ಕುರ್ಚಿ, ಗಡಿಯಾರ, ನಲ್ಲಿ, ಯಾವುದನ್ನು ಹೇಗೆ ರಿಪೇರಿ ಮಾಡಬೇಕು ಅನ್ನುವುದನ್ನು ಅವರು ಎಷ್ಟು ಚೆನ್ನಾಗಿ ಬರೆಯುತ್ತಿದ್ದರು ಅಂದರೆ, ಕೈಯಲ್ಲಿ ಒಂದು ಸ್ಕ್ರೂ ಹಿಡಿಯದವರೂ ಸುಮ್ಮನೆ ಓದುತ್ತಿದ್ದರು. ಒಂದು ವಾಕ್ಯಕ್ಕಾಗಿ ಬೆಳಗ್ಗೆಯೆಲ್ಲ ಒದ್ದಾಡುತ್ತಿದ್ದರು. "ತಿರುಗಿಸಿ" ಅಂತ ಬರೆಯಲಾ, "ತಿರುವಿ" ಅಂತ ಬರೆಯಲಾ ಎಂದು ನನ್ನ ಮುಖ ನೋಡುತ್ತಿದ್ದರು. ನಮ್ಮ ಬ್ಲಾಗಿನಲ್ಲಿ ಮೇಡಂ ಕೂಡ ಬರೆಯುತ್ತಿದ್ದರಲ್ಲ, ನಿನಗೆ ಶಾಲೆಯಲ್ಲಿ ವ್ಯಾಕರಣ ಕಲಿಸಿದವರು, ವಾರಕ್ಕೊಂದು ಪದದ ಹುಟ್ಟು ಬೆಳವಣಿಗೆ. ನಾನು ಮದುವೆಯಾಗಿ ಬಂದಾಗ ನಿನ್ನ ಅಪ್ಪ ನನಗೆ ಹೊಸಬರು, ಅವರ ತುಟಿ ಓದಲು ನನಗಿನ್ನೂ ಬರುತ್ತಿರಲಿಲ್ಲ. ಅವರು ಎಂಥವರು ಅಂತ ನಾನು ತಿಳಿದದ್ದೆಲ್ಲ ಅವರ ಬರವಣಿಗೆಯಿಂದಲೇ.

ವಿಡಿಯೋ ಶುರುವಾದದ್ದು ಒಂದು ಸೋರುವ ನಲ್ಲಿಯಿಂದ. ಓದುಗರೊಬ್ಬರು ಬರೆದಿದ್ದರು, ಲೇಖನ ಓದಿದೆ ಸ್ವಾಮಿ, ಮತ್ತೆ ಮತ್ತೆ ಓದಿದೆ, ಆದರೂ ವಾಷರ್ ಯಾವ ಕಡೆ ಮುಖ ಮಾಡಬೇಕು ಗೊತ್ತಾಗಲಿಲ್ಲ, ಈಗ ಅಡುಗೆಮನೆಯಲ್ಲಿ ಕೆರೆಯಾಗಿದೆ ಎಂದು. ಅಪ್ಪ ನಕ್ಕು, ನಮ್ಮ ನಲ್ಲಿಯನ್ನೇ ಬಿಚ್ಚಿ ತೋರಿಸಿದರು. ಫೋನ್ ಹಿಡಿದವಳು ನಾನು. ಬರೀ ಅವರ ಕೈ, ಆ ಉಗುರಿನ ಕಪ್ಪು, ಅಷ್ಟೇ. ಕೆಳಗೆ ಲೇಖನ, ಮೇಲೆ ಚಿಕ್ಕ ವಿಡಿಯೋ. ಜನಕ್ಕೆ ಬಹಳ ಹಿಡಿಸಿತು. ನನಗೂ ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೊಡೆ, ಆಮೇಲೆ ಕುಂಟುವ ಕುರ್ಚಿ. ನನ್ನ ಕೈ ನಡುಗಿ ಕುರ್ಚಿ ಸರಿಹೋದ ಮೇಲೂ ಕುಂಟುತ್ತಲೇ ಇದ್ದ ಹಾಗೆ ಕಂಡಿತು, ಅದನ್ನು ನೋಡಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅಷ್ಟರಲ್ಲಿ, ವಿಡಿಯೋ ತೆಗೆಯಲು ಅಂತ ಅಪ್ಪ ಗೊತ್ತುಮಾಡಿದ ಕ್ಯಾಮೆರಾದವನು ಬಂದ. ಅವನ ಮೇಲೆ ನನಗೆ ಕೋಪವಿಲ್ಲ, ಕೆಲಸ ಬಲ್ಲವನು, ಮನೆಗೆ ಬಂದರೆ ಚಪ್ಪಲಿ ನೇರ ಜೋಡಿಸಿ ಬಿಡುವಂಥವನು. ಕೈ ಮಾತ್ರ ತೋರಿಸಿದರೆ ಸಾಲದು, ಮುಖ ತೋರಿಸಿ ಮಾತಾಡಿ ಸಾರ್ ಎಂದ. ಅಪ್ಪ ಎಷ್ಟೋ ದಿನ ನಾಚಿಕೊಂಡರು. ಕೊನೆಗೆ ಮಾತಾಡಿದರು. ಅವತ್ತಿನ ಕಾಮೆಂಟುಗಳನ್ನು ನಾವಿಬ್ಬರೂ ಕೂತು ಓದಿದೆವು. ರಿಪೇರಿಯ ಬಗ್ಗೆ ಯಾರೂ ಬರೆದಿರಲಿಲ್ಲ ಗುಬ್ಬಿ, ಎಲ್ಲರೂ ಬರೆದದ್ದು ನಿನ್ನ ಅಪ್ಪನ ದನಿಯ ಬಗ್ಗೆ. ಎಂಥಾ ದನಿ, ಕೇಳುತ್ತಾ ಇದ್ದರೆ ಮನಸ್ಸಿಗೆ ಸಮಾಧಾನ. ಒಬ್ಬಳು ತನ್ನ ಮಗುವಿಗೆ ಅದನ್ನು ಹಾಕಿ ಮಲಗಿಸುತ್ತಾಳಂತೆ. ಅಪ್ಪ ಓದುತ್ತಾ ಕಿವಿವರೆಗೂ ಕೆಂಪಾದರು. ನನಗೆ ಏಳು ವರ್ಷಕ್ಕೇ ಜ್ವರದಲ್ಲಿ ಕಿವಿ ಹೋಯಿತು, ಅವರ ದನಿ ನಾನು ಕೇಳಿದವಳೇ ಅಲ್ಲ. ಇಷ್ಟು ವರ್ಷ ಜೊತೆಗಿದ್ದು, ನನ್ನ ಗಂಡನ ಹತ್ತಿರ ಅಂಥದ್ದೊಂದು ಇದೆ ಅಂತ ಊರವರೆಲ್ಲ ಹೇಳಿದ ಮೇಲೆ ತಿಳಿಯಿತು. ಹೆಮ್ಮೆಪಟ್ಟೆ. ಹೊಟ್ಟೆಯಲ್ಲಿ ಚೂರು ಕಿಚ್ಚೂ ಆಯಿತು.

ಆಮೇಲೆ ಕೋಣೆ ಬದಲಾಯಿತು. ದೀಪದ ಕಂಬಗಳಿಗೆ ಜಾಗ ಬೇಕು ಅಂತ ಮೇಜುಗಳನ್ನು ಬೇರೆ ಮಾಡಿದರು. ನನ್ನದು ಒಳಕೋಣೆಯ ಕಿಟಕಿ ಹತ್ತಿರ ಬಂತು. ಗೋಡೆಗೆಲ್ಲ ಮೊಟ್ಟೆ ಇಡುವ ತಟ್ಟೆಯ ಹಾಗಿರುವ ಕಪ್ಪು ಸ್ಪಂಜು ಅಂಟಿಸಿದರು, ಸದ್ದು ಪ್ರತಿಧ್ವನಿ ಕೊಡಬಾರದಂತೆ. ನನಗೆ ಪುಕ್ಕಟೆ ಸಿಕ್ಕಿದ ನಿಶ್ಶಬ್ದಕ್ಕೆ ನೀವು ಇಷ್ಟು ಪಾಡು ಪಡುತ್ತೀರಲ್ಲ ಅಂತ ಹೇಳಿದೆ. ಕ್ಯಾಮೆರಾದವನು ನಗಬೇಕೋ ಬೇಡವೋ ತಿಳಿಯದೆ ಅಪ್ಪನ ಮುಖ ನೋಡಿದ.

ಮೇಡಂ ಅವರನ್ನೂ ಕರೆಸಿದರು, ಪದಗಳ ಬಗ್ಗೆ ಕ್ಯಾಮೆರಾ ಮುಂದೆ ಹೇಳಿ ಎಂದು. ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು ಬಂದಿದ್ದರು ಪಾಪ. ದೀಪ ಹಾಕಿದ ಕೂಡಲೇ ಅವರ ಬಾಯಿ ಕಟ್ಟಿಹೋಯಿತು. ಸಾವಿರಾರು ಮಕ್ಕಳಿಗೆ ಪಾಠ ಮಾಡಿದವರು, ಒಂದು ಗಾಜಿನ ಕಣ್ಣಿಗೆ ಬೆವರಿಬಿಟ್ಟರು. ಇನ್ನೊಮ್ಮೆ ಮೇಡಂ, ಇನ್ನೊಮ್ಮೆ ಮೇಡಂ ಎಂದು ಹೇಳಿ ಹೇಳಿ ಕ್ಯಾಮೆರಾದವನಿಗೂ ಸಾಕಾಯಿತು. ಹೋಗುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡು, ನನಗೆ ಕಾಣುವ ಹಾಗೆ ನಿಧಾನವಾಗಿ ಅಂದರು:

"ನಿಮ್ಮನೆಗೆ ನಾನು ಬರೆಯೋಕೆ ಬಂದಿದ್ದೆ ಕಣಮ್ಮ. ಮುಖ ತೋರಿಸೋಕಲ್ಲ."

ಅವರ ಅಂಕಣ ಅಲ್ಲಿಗೇ ನಿಂತಿತು. ನಿಲ್ಲಿಸಿ ಅಂತ ಯಾರೂ ಅನ್ನಲಿಲ್ಲ, ಕಳಿಸಿ ಅಂತಲೂ ಯಾರೂ ಕೇಳಲಿಲ್ಲ. ನಾನು ಅವರ ಮನೆಗೆ ಹೋಗಿ ಬಂದೆ. ಮೊಮ್ಮಗಳ ಹೋಮ್‌ವರ್ಕ್ ತಿದ್ದುತ್ತಾ ಕೂತಿದ್ದರು. ಬ್ಲಾಗಿನ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಪ್ಪ ಬರೆಯುವುದೂ ಕಡಿಮೆಯಾಯಿತು. ಮೊದಲು ವಿಡಿಯೋಗೆ ಅಂತ ಪೂರ್ತಿ ಬರೆದುಕೊಳ್ಳುತ್ತಿದ್ದರು, ನಾನು ತಿದ್ದುತ್ತಿದ್ದೆ. ಆಮೇಲೆ ನಾಲ್ಕು ಸಾಲಿನ ಚೀಟಿ. ಈಗ ಅದೂ ಇಲ್ಲ, ಬಾಯಿಗೆ ಬಂದಿದ್ದೇ ಚಂದ ಅಂತ ಜನ ಹೇಳುತ್ತಾರೆ. ನನ್ನ ಮೇಜಿನ ಮೇಲೆ ತಿದ್ದಲು ಏನೂ ಉಳಿಯಲಿಲ್ಲ. ಒಂದು ದಿನ ಧೈರ್ಯ ಮಾಡಿ ಕೇಳಿದೆ, ವಿಡಿಯೋ ಕೆಳಗೆ ನಿಮ್ಮ ಮಾತನ್ನು ಅಕ್ಷರದಲ್ಲಿ ಹಾಕಿ ಅಂತ. ಕ್ಯಾಮೆರಾದವನು ಬೇಡ ಅನ್ನುತ್ತಾನೆ, ಅಕ್ಷರ ಚಿತ್ರಕ್ಕೆ ಅಡ್ಡ ಬರುತ್ತದಂತೆ, ನೋಡುವವರಿಗೆ ಕಿರಿಕಿರಿ ಎಂದರು. "ನಾನೂ ನೋಡೋಳೇ ಅಲ್ವಾ?" ಎಂದೆ. ಮಾರನೇ ದಿನದಿಂದ ಅಕ್ಷರ ಬಂತು, ಬೇಕಾದವರು ಗುಂಡಿ ಒತ್ತಿ ಹಾಕಿಕೊಳ್ಳಬಹುದು.

ಅದನ್ನು ಬರೆಯುವುದು ಯಂತ್ರ. ಅದರ ಕನ್ನಡವನ್ನು ನೀನು ನೋಡಬೇಕು. "ನಲ್ಲಿಯನ್ನು ಬಿಗಿಯಾಗಿ ಹಿಡಿದು ಎಡಕ್ಕೆ ತಿರುಗಿಸಿ" ಎಂದು ಅಪ್ಪ ಹೇಳಿದರೆ ಅದು "ನಲ್ಲೆಯನ್ನು ಬಿಗಿಯಾಗಿ ಹಿಡಿದು" ಎಂದು ಬರೆದಿತ್ತು. ನಾನು ಒಬ್ಬಳೇ ಕೂತು ನಕ್ಕೆ. ಆವತ್ತಿನಿಂದ ಅದನ್ನು ತಿದ್ದುವ ಕೆಲಸ ನನ್ನದಾಯಿತು. ಯಂತ್ರಕ್ಕೆ ಕಿವಿ ಇದೆ, ಬುದ್ಧಿ ಇಲ್ಲ. ನನಗೆ ಕಿವಿ ಇಲ್ಲ, ನಿನ್ನ ಅಪ್ಪನ ತುಟಿ ಗೊತ್ತು. ಅನುಮಾನ ಬಂದ ಕಡೆ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಅವರ ಬಾಯನ್ನೇ ನೋಡಿ ಸರಿಪಡಿಸುತ್ತೇನೆ. ದಿನವಿಡೀ ಅವರ ಮುಖ ನೋಡುವ ಕೆಲಸ, ಮದುವೆಯಾದ ಹೊಸದರಲ್ಲೂ ಇಷ್ಟು ನೋಡಿರಲಿಲ್ಲ. ಕೆಲಸ ಚೆನ್ನಾಗಿದೆ. ಕಿವಿ ಮಂದವಾದ ಮುದುಕರು ಎಷ್ಟೋ ಜನ ಥ್ಯಾಂಕ್ಸ್ ಹೇಳಿ ಬರೆಯುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಹಳೆಯ ಲೇಖನಗಳೂ ಹೋದವು. ಒಂದು ಬೆಳಗ್ಗೆ ಬ್ಲಾಗ್ ತೆರೆದರೆ ಬರೀ ವಿಡಿಯೋಗಳ ಚೌಕಗಳು. ಕೊಡೆಯ ಲೇಖನ ಇಲ್ಲ, ಮೇಡಂ ಅವರ ಪದಗಳು ಇಲ್ಲ. ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ. ಯಾವುದನ್ನೂ ಅಳಿಸಿಲ್ಲ, ಎತ್ತಿಟ್ಟಿದ್ದೇವೆ ಅಷ್ಟೇ, ಹೊಸಬರು ಬಂದಾಗ ಎಲ್ಲ ಒಂದೇ ಥರ ಕಾಣಬೇಕು ಎಂದರು.

"ಅದನ್ನೆಲ್ಲ ಈಗ ಯಾರು ಓದ್ತಾರೆ ಹೇಳು?"

"ನಾನು ಓದ್ತೀನಿ."

"ನಿನ್ನೊಬ್ಬಳಿಗೋಸ್ಕರ ನಡೆಸೋಕಾಗುತ್ತಾ?"

ಸಿಟ್ಟಿನಲ್ಲಿ ಹೇಳಲಿಲ್ಲ ಗುಬ್ಬಿ. ನನ್ನ ಭುಜ ತಟ್ಟಿ, ಮೆಲ್ಲಗೆ ನಕ್ಕೇ ಹೇಳಿದರು. ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಒಂದು ಮಾತು ಆಡಿಬಿಡುತ್ತಿದ್ದೆ. ತಟ್ಟೆ ಎತ್ತಿಕೊಂಡು ಎದ್ದುಹೋದೆ.

ಅಪ್ಪನನ್ನು ತಪ್ಪು ತಿಳಿಯಬೇಡ. ಬೆಳಗ್ಗೆಯಿಂದ ಮಾತಾಡಿ ಮಾತಾಡಿ ಅವರ ಗಂಟಲು ಕಟ್ಟಿರುತ್ತದೆ, ಉಪ್ಪುನೀರಲ್ಲಿ ಮುಕ್ಕಳಿಸುತ್ತಾರೆ. ನನ್ನ ಜೊತೆ ಮಾತಾಡುವುದು ಸುಲಭದ ಕೆಲಸವಲ್ಲ. ಎದುರಿಗೆ ಕೂರಬೇಕು, ಬೆಳಕಿಗೆ ಮುಖ ಮಾಡಬೇಕು, ನಿಧಾನವಾಗಿ ಹೇಳಬೇಕು, ಹೇಳಿದ್ದನ್ನೇ ಮತ್ತೆ ಹೇಳಬೇಕು. ದಿನವೆಲ್ಲ ದೀಪದ ಎದುರು ಅದನ್ನೇ ಮಾಡಿ ಬಂದವರಿಗೆ ಮನೆಯೊಳಗೂ ಅದೇ ಅಂದರೆ ಆಯಾಸ. ಊಟವಾಯಿತಾ ಅನ್ನುವುದನ್ನು ಕೈಯಲ್ಲಿ ಕೇಳುತ್ತಾರೆ, ಬಾಗಿಲು ಹಾಕು ಅನ್ನುವುದನ್ನು ಹುಬ್ಬಿನಲ್ಲಿ. ನಾನೂ ಹಾಗೇ ಉತ್ತರ ಕೊಡುತ್ತೇನೆ. ಮೊದಲು ಏನಾದರೂ ಓದಿದರೆ, ರಸ್ತೆಯಲ್ಲಿ ತಮಾಷೆ ಕಂಡರೆ, ಒಂದು ಚೀಟಿಯಲ್ಲಿ ಬರೆದು ನನ್ನ ಕಡೆ ತಳ್ಳುತ್ತಿದ್ದರು. ಈಗ ಅವರ ಜೇಬಿನಲ್ಲಿ ಪೆನ್ನೇ ಇರುವುದಿಲ್ಲ. ಮೊನ್ನೆ ಪೋಸ್ಟ್‌ಮ್ಯಾನ್ ಸಹಿ ಕೇಳಿದಾಗ ಒಳಗೆ ಬಂದು ನನ್ನ ಹತ್ತಿರ ಇಸಿದುಕೊಂಡು ಹೋದರು.

ಎಲ್ಲರಿಗೂ ಒಳ್ಳೆಯದೇ ಆಗಿದೆ ಗುಬ್ಬಿ. ಯಾರ ಕೆಡುಕೂ ಇದರಲ್ಲಿಲ್ಲ. ಆ ಮನುಷ್ಯ ಎಂಥಾ ಬರಹಗಾರರಾಗಿದ್ದರು ಅನ್ನುವುದು ಮಾತ್ರ ಇನ್ನು ಸ್ವಲ್ಪ ದಿನಕ್ಕೆ ಅವರಿಗೇ ಮರೆತುಹೋಗುತ್ತದೆ. ನನಗೆ ಅದೇ ಸಂಕಟ.

ಮಿಕ್ಕ ಸುದ್ದಿ ಹೇಳುತ್ತೇನೆ. ಮಹಡಿಯ ನೀರಿನ ಟ್ಯಾಂಕ್ ಸೋರುತ್ತಿದೆ, ಊರಿಗೆಲ್ಲ ರಿಪೇರಿ ಹೇಳಿಕೊಡುವವರಿಗೆ ಅದಕ್ಕೆ ಪುರುಸೊತ್ತಿಲ್ಲ, ಕೊನೆಗೆ ಪ್ಲಂಬರ್ ಕರೆಸಿದೆ. ನಿನ್ನ ಸ್ವೆಟರಿಗೆ ತೋಳು ಒಂದೇ ಬಾಕಿ. ಅಪ್ಪ ನಿನ್ನ ಫೋಟೋವನ್ನು ಕ್ಯಾಮೆರಾದವನಿಗೆ ತೋರಿಸಿ, ನನ್ನ ಮಗಳು ಎಂದು ಹೇಳಿಕೊಳ್ಳುತ್ತಿದ್ದುದನ್ನು ನಾನು ಬಾಗಿಲಿನಿಂದ ನೋಡಿದೆ. ಡ್ಯೂಟಿ ಅಂತ ಊಟ ಬಿಡಬೇಡ. ನಿಂತು ನಿಂತು ಕಾಲು ನೋಯುತ್ತದೆ ಅಂದಿದ್ದೆಯಲ್ಲ, ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ. ನಿನ್ನ ಕೈಯಿಂದ ಎಷ್ಟು ಜನಕ್ಕೆ ನೋವು ಕಡಿಮೆಯಾಗುತ್ತದೋ ಅಷ್ಟೂ ತಂಪು ನಿನ್ನ ಬಾಳಿಗೆ ಬರಲಿ, ನನ್ನ ಕಂದ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂತ ಇದ್ದೆ. ಕವರು ಅಂಟಿಸುವ ಮುಂಚೆ ಬರೆದುಬಿಡುತ್ತೇನೆ. ಹೋದ ವಾರ ಅಪ್ಪ ನೇರಪ್ರಸಾರದಲ್ಲಿ ಜನರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅದನ್ನು ತಿದ್ದಲು ಮಾರನೇ ದಿನ ನನ್ನ ಹತ್ತಿರ ಬಂತು. ಯಾರೋ ಕೇಳಿದ್ದಾರೆ, ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲ ಸಾರ್, ಮನೇಲೂ ಹೀಗೇನಾ ಎಂದು. ಅಪ್ಪ ನಕ್ಕರು. ಆಮೇಲೆ ಹೇಳಿದ್ದನ್ನು ಯಂತ್ರ "ಮನೇಲಿ ನನ್ನ ಮಾತ್ರ ಕೇಳೋರು ಯಾರಿದ್ದಾರೆ" ಎಂದು ಬರೆದಿತ್ತು. ಅರ್ಥವಾಗಲಿಲ್ಲ. ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಅವರ ಬಾಯಿ ನೋಡಿದೆ. ತುಟಿಯ ಮೇಲೆ ಮ, ಪ, ಬ ಮೂರೂ ಒಂದೇ ಥರ ಕಾಣುತ್ತವೆ, ಬೇರೆ ಏನಾದರೂ ಇರಬಹುದು ಅಂತ ಮತ್ತೆ ಮತ್ತೆ ನೋಡಿದೆ. ಬೇರೆ ಏನೂ ಇರಲಿಲ್ಲ. "ಮನೇಲಿ ನನ್ನ ಮಾತು ಕೇಳೋರು ಯಾರಿದ್ದಾರೆ? ನೀವು ಕೇಳೋಕೆ ಶುರು ಮಾಡಿದ ಮೇಲೇ ನನಗೆ ಬಾಯಿ ಬಂದಿದ್ದು."

ಹಾಗೇ ಬಿಟ್ಟಿದ್ದರೆ ಓದುವವರು ಯಂತ್ರದ ತಪ್ಪು ಅಂದುಕೊಂಡು ಮುಂದೆ ಹೋಗುತ್ತಿದ್ದರು. ನಾನು ತಿದ್ದಿದೆ. ಕಿವಿ ಕೇಳದವರಿಗೂ ಅವರು ಹೇಳಿದ್ದು ಹೇಳಿದ ಹಾಗೇ ಸಿಗಬೇಕಲ್ಲ. ಅಪ್ಪನಿಗೆ ಇದು ಗೊತ್ತಿಲ್ಲ, ನೀನೂ ಹೇಳಬೇಡ. ಅವರು ತಮ್ಮ ವಿಡಿಯೋವನ್ನು ಅಕ್ಷರ ಹಾಕಿಕೊಂಡು ನೋಡುವುದಿಲ್ಲ.