ಆರ್-ಹ್ಯಾಟ್ ಸ್ಥಿರವಲ್ಲ

10 ಫೆಬ್ರುವರಿ, ಸೋಮವಾರ

ಬಸ್ಸು ಇವತ್ತೂ ತಡ. ಬ್ಯಾಡಗಿಯಿಂದ ರಾಣೆಬೆನ್ನೂರಿನವರೆಗೆ ಮೆಣಸಿನಕಾಯಿ ಘಾಟಿಗೆ ಕೆಮ್ಮಿದ್ದೇ ಕೆಮ್ಮಿದ್ದು. ಪ್ರಿನ್ಸಿಪಾಲ್ ಕೊಟ್ರಪ್ಪನವರು ವರಾಂಡದಲ್ಲೇ ನಿಂತಿದ್ದರು.

"ಪುಷ್ಪಾವತಿ ಮೇಡಂ, ಗೆಸ್ಟ್ ಲೆಕ್ಚರರ್ ಅಂದ್ರ ಮನೀಗೆ ಬರೋ ಗೆಸ್ಟ್ ಇದ್ದಂಗ ಅಂತ ತಿಳಕೊಂಡೀರೇನು? ಬೇಕಾದಾಗ ಬರಾಕ?"

ಒಂಬತ್ತು ವರ್ಷದ ಗೆಸ್ಟ್. ನೇರ ಕ್ಲಾಸಿಗೆ ಹೋದೆ.

ಬಿ.ಎಸ್ಸಿ. ಕೊನೆಯ ವರ್ಷಕ್ಕೆ ವೆಕ್ಟರ್ ಕ್ಯಾಲ್ಕ್ಯುಲಸ್. x, y, z ನಿರ್ದೇಶಾಂಕ ಮುಗಿಸಿ ಸಿಲಿಂಡರು, ಗೋಳದವಕ್ಕೆ ಬಂದಿದ್ದೇವೆ. ಸೂತ್ರ ಬಾಯಿಪಾಠ ಮಾಡಿಸಿದರೆ ಒಂದೇ ಪೀರಿಯಡ್ಡಿನ ಕೆಲಸ. ಕುಪ್ಪೇಲೂರಿನ ದೀಪಿಕಾ ಬಿಡಬೇಕಲ್ಲ.

"ಮೇಡಂ, ಐ-ಹ್ಯಾಟ್ ಎಲ್ಲಾ ಕಡೆ ಒಂದ ದಿಕ್ಕ ತೋರಸತೈತಿ. ಆರ್-ಹ್ಯಾಟ್ ಯಾಕ ತಿರಗತೈತ್ರಿ?"

ಎರಡೂ ಒಂದಳತೆ ಉದ್ದದ ಬಾಣಗಳೇ; ಐ-ಹ್ಯಾಟ್ x ದಿಕ್ಕಿಗೆ, ಆರ್-ಹ್ಯಾಟ್ ನಡುವಿನಿಂದ ಹೊರಕ್ಕೆ. ಎಲ್ಲರನ್ನೂ ಮೈದಾನಕ್ಕೆ ಕರೆದೊಯ್ದೆ. ಧ್ವಜದ ಕಂಬದ ಸುತ್ತ ನಿಲ್ಲಿಸಿ, "ಕಂಬಕ್ಕ ಬೆನ್ನ ಮಾಡಿ ನೆಟ್ಟಗ ಮುಂದ ಕೈ ಚಾಚ್ರಿ" ಎಂದೆ. ಒಬ್ಬನ ಕೈ ಸ್ಟೇಷನ್ ಕಡೆ, ಇನ್ನೊಬ್ಬಳದು ಕ್ಯಾಂಟೀನ್ ಕಡೆ. ಎಲ್ಲರದೂ ಹೊರಕ್ಕೇ... ದಿಕ್ಕು ಮಾತ್ರ ಬೇರೆ ಬೇರೆ.

"ಅಂದ್ರ ಉದ್ದ ಒಂದ ಇದ್ರೂ ಅದು ಸ್ಥಿರ ಅಲ್ರಿ!" ದೀಪಿಕಾ ಕೂಗಿಯೇ ಬಿಟ್ಟಳು.

ತಿಂಗಳಾದ ಮೇಲೆ ಇವತ್ತು ನಿಜಕ್ಕೂ ಕಲಿಸಿದ ಹಾಗನ್ನಿಸಿತು.

14 ಫೆಬ್ರುವರಿ

ಮುಂದಿನ ಶನಿವಾರ ಹಾವೇರಿಯಲ್ಲಿ ವಿದ್ಯಾರ್ಥಿಗಳ ಸೆಮಿನಾರ್. ದೀಪಿಕಾಳ ಹೆಸರು ಕೊಟ್ಟಿದ್ದೇನೆ. ಅವಳ ವಿಷಯ ಆರ್-ಹ್ಯಾಟಿನ ಡೈವರ್ಜೆನ್ಸ್ — ಅಂದರೆ ಒಂದು ಪುಟ್ಟ ಜಾಗದಿಂದ ಒಟ್ಟಾರೆ ಎಷ್ಟು ಹೊರಗೆ ಹರಿಯುತ್ತದೆ ಎಂಬುದು. ಸೂತ್ರ ಮುಟ್ಟದೆ ಮಾಡಿದಳು. ಗೋಳದ ಒಂದು ಚೂರು ತೆಗೆದುಕೊಂಡಳು. ಒಳಗಿನ ಮುಖ ಸಣ್ಣದು, ಹೊರಗಿನದು ದೊಡ್ಡದು. ಬಂದದ್ದಕ್ಕಿಂತ ಹೋಗುವುದೇ ಹೆಚ್ಚು. ಉತ್ತರ 2/r, r ಅಂದರೆ ನಡುವಿನಿಂದ ಇರುವ ದೂರ. ಸರಿ. ಎಂ.ಎಸ್ಸಿ. ಮಾಡುವಾಗ ನನಗೆ ಹೀಗೆ ಹೊಳೆದಿರಲಿಲ್ಲ.

ತೀರ್ಪುಗಾರರು ಡಾ. ವಿಜಯಮಹಾಂತೇಶ. ಹಾವೇರಿಯ ಪಿ.ಜಿ. ವಿಭಾಗದ ಮುಖ್ಯಸ್ಥರು. ದೀಪಿಕಾಗೆ ಎಂ.ಎಸ್ಸಿ. ಸೀಟು ಅಲ್ಲೇ ಬೇಕು, ಅದಕ್ಕಿಂತ ದೂರ ಮನೆಯವರು ಕಳಿಸುವುದಿಲ್ಲ. ಒಳ್ಳೆಯದೇ ಆಯಿತು, ಅವರೂ ಇವಳನ್ನು ನೋಡಲಿ.

22 ಫೆಬ್ರುವರಿ, ಸಂಜೆ 5, ಹಾವೇರಿ ಬಸ್ ಸ್ಟ್ಯಾಂಡ್

ಬ್ಯಾಡಗಿ ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ.

ದೀಪಿಕಾ ಚೆನ್ನಾಗಿ ಹೇಳುತ್ತಿದ್ದಳು. ಬೋರ್ಡಿನ ಮೇಲೆ 2/r ಬರೆದಳು. ವಿಜಯಮಹಾಂತೇಶ ಕೈ ಎತ್ತಿದರು.

"ತಡಿ. ಆರ್-ಹ್ಯಾಟ್ ಯೂನಿಟ್ ವೆಕ್ಟರ್ ಹೌದಿಲ್ಲೋ? ಉದ್ದ ಒಂದು. ಒಂದು ಅಂದ ಮ್ಯಾಲೆ ಕಾನ್‌ಸ್ಟಂಟ್. ಅದರ ಡೈವರ್ಜೆನ್ಸ್ ಸೊನ್ನಿ. ಯಾರವಾ ನಿನಗ ಕಲಿಸಿದವರು?"

ಸಭೆ ನಕ್ಕಿತು. ಎದ್ದು ನಿಂತೆ.

"ನಾನ ಕಲಿಸೇನ್ರಿ ಸರ್. ಆಕಿ ಹೇಳಿದ್ದು ಖರೇ ಐತಿ. ಉದ್ದ ಬದಲಾಗಂಗಿಲ್ಲ, ದಿಕ್ಕ ಬದಲಾಗತೈತ್ರಿ. ಬೋರ್ಡಿನ ಮ್ಯಾಲೆ ತೋರಸ್ಲೇನ್ರಿ?"

ನನ್ನತ್ತ ನೋಡಲೂ ಇಲ್ಲ. ದೀಪಿಕಾಳನ್ನೇ ಕೇಳಿದರು: "ನೀನ ಹೇಳವಾ. ಟೂ ಬೈ ಆರೋ, ಸೊನ್ನಿಯೋ?"

ನನ್ನನ್ನು ನೋಡಿದಳು. ಬೋರ್ಡು ನೋಡಿದಳು.

"ಸೊನ್ನಿರಿ ಸರ್. ನಂದ ತಪ್ಪಾತ್ರಿ."

ಡಸ್ಟರ್ ಎತ್ತಿಕೊಂಡು ತಾನೇ ಒರೆಸಿದಳು.

ಎರಡನೇ ಬಹುಮಾನ. ತಪ್ಪು ಒಪ್ಪಿಕೊಳ್ಳುವ ಗುಣ ಈಗಿನ ಮಕ್ಕಳಲ್ಲಿ ಅಪರೂಪ ಎಂದು ಅವರು ಮೈಕಿನಲ್ಲಿ ಹೊಗಳಿದರು. ಚಪ್ಪಾಳೆ.

ಇಲ್ಲಿಗೆ ಬಂದ ಮೇಲೆ ಕೇಳಿದಳು: "ನೀವ್ಯಾಕ ಎದ್ರಿ ಮೇಡಂ? ನಾ ಇನ್ನ ಎರಡು ವರ್ಷ ಅವರ ಕೈಯಾಗ ಓದಬೇಕ್ರಿ."

"ನಿನ್ನ ಸಲುವಾಗಿ ಎದ್ದೇನವಾ."

"ನಾ ಕೇಳಿದ್ನೇನ್ರಿ?"

ರಾಣೆಬೆನ್ನೂರು ಬಸ್ಸು ಬಂತು. ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ.

24 ಫೆಬ್ರುವರಿ

ಸುದ್ದಿ ನನಗಿಂತ ಮೊದಲೇ ಕಾಲೇಜಿಗೆ ಬಂದಿತ್ತು. ಕೊಟ್ರಪ್ಪನವರು ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿಸಿದರು.

"ನೀವು ಹೇಳಿದ್ದು ಸರಿನೋ ತಪ್ಪೋ ನನಗ ಗೊತ್ತಿಲ್ಲ, ನಾ ಹಿಸ್ಟರಿಯವ. ಆದ್ರ ಅಷ್ಟ ಮಂದಿ ಮುಂದ ದೊಡ್ಡವರಿಗೆ ಹಂಗ ಅನಬಾರದಿತ್ತು."

"ನಾ ಏನ್ ಅಂದೇನ್ರಿ ಸರ್? ಲೆಕ್ಕ ಹೇಳೇನಿ."

"ಅದ ನೋಡ್ರಿ."

ಮುಂದಿನ ವರ್ಷ ನನಗೆ ವರ್ಕ್‌ಲೋಡ್ ಇಲ್ಲವಂತೆ, ಅಂದರೆ ಕೆಲಸವೇ ಇಲ್ಲ.

27 ಫೆಬ್ರುವರಿ

ಕ್ಲಾಸಿನಲ್ಲಿ ಸುದೀಪ ಕೇಳಿದ, "ಮೇಡಂ, ಪರೀಕ್ಷಾದಾಗ ಯಾವುದು ಬರೀಬೇಕ್ರಿ?" ಇಡೀ ಲೆಕ್ಕ ಮತ್ತೊಮ್ಮೆ ಮಾಡಿದೆ. ಸಿಲಿಂಡರಿನದೂ.

ದೀಪಿಕಾ ಹಿಂದಿನ ಬೆಂಚಿಗೆ ಹೋಗಿದ್ದಾಳೆ. ತಲೆ ಎತ್ತಲಿಲ್ಲ.

ಇಪ್ಪತ್ತರ ಹುಡುಗಿ. ಎಲ್ಲಿ ಬಾಗಬೇಕೆಂದು ಕಲಿತಿದ್ದಾಳೆ. ನಾನು ಕಲಿಸಿದ್ದಲ್ಲ ಅದು... ಸಿಟ್ಟು ಯಾರ ಮೇಲೆ ಮಾಡಲಿ?

12 ಜುಲೈ

ಕಾಲೇಜಿನಲ್ಲಿ ನನ್ನ ಕೊನೆಯ ದಿನ. ಚಹಾ ಕುಡಿಸಿದರು. ಭಾಷಣ ಮಾಡಲಿಲ್ಲ, ಅಷ್ಟು ಪುಣ್ಯ.

8 ಡಿಸೆಂಬರ್, ಸಂಜೆ

ಬ್ಯಾಡಗಿಯಲ್ಲೇ ಟ್ಯೂಷನ್. ಹತ್ತನೆಯ ತರಗತಿ ಮಕ್ಕಳು. ತ್ರಿಜ್ಯ, ವ್ಯಾಸ, ತ್ರಿಜ್ಯ, ವ್ಯಾಸ.

ನಾಲ್ಕಕ್ಕೆ ಫೋನ್. ದೀಪಿಕಾ. ಫೆಬ್ರುವರಿಯಿಂದೀಚೆಗೆ ಮೊದಲ ಮಾತು. ಹಾವೇರಿಯಲ್ಲೇ ಎಂ.ಎಸ್ಸಿ. ಸೀಟು ಸಿಕ್ಕಿದೆ. ವಿಜಯಮಹಾಂತೇಶರೇ ಪಾಠ ಮಾಡುತ್ತಾರೆ.

"ನೋಟ್ಸಿನ್ಯಾಗ ಆರ್-ಹ್ಯಾಟಿನ ಡೈವರ್ಜೆನ್ಸ್ ಸೊನ್ನಿ ಅಂತ ಬರಸ್ಯಾರ್ರಿ ಮೇಡಂ. ನಾಳೆ ಟೆಸ್ಟ್ ಐತಿ."

"ನಿನಗ ಗೊತ್ತಿಲ್ಲೇನು?"

"ಖರೇ ಯಾವುದು ಅಂತ ಗೊತ್ತೈತ್ರಿ. ಬರಿಯೋದು ಯಾವುದು ಹೇಳ್ರಿ."

ಫೋನ್ ಹಿಡಿದು ಅಂಗಳಕ್ಕೆ ಬಂದೆ. ಹಾಸ್ಟೆಲ್ಲಿನ ಗದ್ದಲ ಕೇಳಿಸುತ್ತಿತ್ತು. ಆಕೆ ಫೋನ್ ಇಡಲಿಲ್ಲ.

"ಸೊನ್ನಿ ಬರಿವಾ," ಎಂದೆ.

"ಹೂಂ ಮೇಡಂ," ಎಂದಳು. ಅಳುವ ಸದ್ದು ಕೇಳಿಸಿತು, ಅವಳದೋ ನನ್ನದೋ ತಿಳಿಯಲಿಲ್ಲ.