ಕಲ್ಲಿನ ಪಕ್ಕ ನಿಂತವಳು

ಭಾನುವಾರ, ನವೆಂಬರ್ ೯

ನನ್ನ ಮುದ್ದಿನ ಅಕ್ಕಾ,

ಮದುವೆಯಾಗಿ ಆರು ವಾರವಾಯಿತು, ಇದು ಮೊದಲ ಪತ್ರ. ಬೈಯಬೇಡ, ಕಿವಿ ಹಿಡಿದುಕೊಂಡಿದ್ದೇನೆ! ಕಾನ್ವೆಂಟಿನಲ್ಲಿ ಓದಿದವಳ ಕಾಗುಣಿತ ನೋಡಿ ಭಾವನ ಜೊತೆ ಸೇರಿ ನಗಲೂಬೇಡ.

ನಾನು ತುಂಬಾ ತುಂಬಾ ಸುಖವಾಗಿದ್ದೇನೆ. ಇವರು ಎಷ್ಟು ಒಳ್ಳೆಯವರು ಗೊತ್ತಾ? ಅಳತೆ ಕೇಳದೆಯೇ ನನಗೊಂದು ನೀಲಿ ಸ್ವೆಟರ್ ಕೊಟ್ಟರು, ಹೇಳಿ ಹೆಣಿಸಿದಂತೆ ಕೂತಿತು. ಗುಂಡಿಗಳೆಲ್ಲ ನೀಲಿ, ಕೊರಳಿನದೊಂದೇ ಬಿಳಿ. ಅದೇ ಫ್ಯಾಷನ್ ಅಂದುಕೊಂಡೆ.

ಮನೆಯ ಹಿಂದಿನ ಗುಡ್ಡದ ಮೇಲೆ ಒಂಬತ್ತು ನಿಲುವುಗಲ್ಲುಗಳಿವೆ, ಯಾವ ಕಾಲದವೋ. ಅವುಗಳ ನಕ್ಷೆ ಬರೆಯುವುದೇ ಇವರ ಕೆಲಸ. ಪ್ರತಿ ಕಲ್ಲಿನ ಪಕ್ಕ ನನ್ನನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಮನುಷ್ಯರು ನಿಂತರೆ ಕಲ್ಲಿನ ಗಾತ್ರ ತಿಳಿಯುತ್ತದಂತೆ. "ನಗಬೇಡ ಕಣೇ, ಅಲ್ಲಾಡ್ತೀಯ!" ಎಂದು ಗದರುತ್ತಾರೆ.

ಮೊನ್ನೆ ಆ ಸ್ವೆಟರ್ ಹಾಕಿಕೊಂಡು ಗುಡ್ಡ ಇಳಿದು ಬಂದರೆ, ಟೀ ಅಂಗಡಿಯವನು ನನ್ನನ್ನು ನೋಡಿ ಗ್ಲಾಸು ಕೈಬಿಟ್ಟ.

"ಆ ಕಲ್ಲುಗಳೆಲ್ಲ ಗಂಡನ ದಾರಿ ಕಾಯ್ತಾ ಕಲ್ಲಾದ ಹೆಂಗಸರಂತಮ್ಮ. ಸಂಜೆ ಎಣಿಸಿದ್ರೆ ಹತ್ತಾಗತ್ತೆ. ಹತ್ತನೇದು ನೀಲಿ ಸ್ವೆಟರ್ ಹಾಕ್ಕೊಂಡಿರತ್ತೆ."

"ದೆವ್ವಕ್ಕೂ ಚಳಿಯಾಗತ್ತಾ ಅಣ್ಣಾ?" ಎಂದು ನಕ್ಕೆ. ಅವನು ಬಗ್ಗಿ ಗಾಜಿನ ಚೂರು ಹೆಕ್ಕತೊಡಗಿದ.

ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ಆ ಸ್ವೆಟರ್ ಬಿಚ್ಚಿಡಮ್ಮ, ಒಗೀಬೇಕು" ಅಂದರು. ಹೊಸ ಸ್ವೆಟರ್ ಯಾಕೆ ಒಗೆಯಬೇಕು ಅಕ್ಕಾ?

ಅಲ್ಲಿಂದ ತಲೆಯಲ್ಲಿ ಹುಳ ಹೊಕ್ಕಿತು. ಇವರ ಬೀರು ತೆರೆದೆ. ಹಳೆಯ ಫೋಟೊಗಳು: ಒಂಬತ್ತು ಕಲ್ಲು, ಒಂಬತ್ತರ ಪಕ್ಕದಲ್ಲೂ ಅದೇ ಒಬ್ಬಳು. ನೀಲಿ ಸ್ವೆಟರ್, ಕೊರಳಲ್ಲಿ ಬಿಳಿ ಗುಂಡಿ. ನಗುತ್ತಿದ್ದಳು, ಮುಖ ಅಲ್ಲಾಡಿಹೋಗಿತ್ತು.

ಯಾರೆಂದು ಕೇಳಿದೆ. "ಯಾರೋ ಆಫೀಸಿನವರು. ಕೆಲಸ ಬಿಟ್ಟು ಹೋದ್ರು" ಎಂದು ಇವರು ಪೆನ್ಸಿಲ್ ಕೆತ್ತುತ್ತಾ ಕೂತರು. ಪೆನ್ಸಿಲ್ ಮೊದಲೇ ಚೂಪಾಗಿತ್ತು.

ಇರಲಿ ಬಿಡು, ನಾನು ಎಲ್ಲದಕ್ಕೂ ಕಥೆ ಕಟ್ಟುವವಳಲ್ಲವೇ! ನೀವೆಲ್ಲ ನೂರು ಕಾಲ ನಗುನಗುತ್ತಾ ಇರಿ. ಪಾಪುವಿಗೆ ಚಿಕ್ಕಮ್ಮನ ಲೆಕ್ಕವಿಲ್ಲದಷ್ಟು ಮುತ್ತು.

ನಿನ್ನ
ವಟವಟಿ

ತಾ.ಕ.: ಪ್ರತಿ ಫೋಟೊದ ಹಿಂದೆ ಇವರ ಅಕ್ಷರದಲ್ಲಿ "ನಿಂತವಳ ಎತ್ತರ ಐದು ಅಡಿ ಎರಡಂಗುಲ" ಎಂದಿದೆ. ನಾಲ್ಕು ವರ್ಷದ ಹಿಂದಿನ ತಾರೀಖು. ನನ್ನ ಎತ್ತರವೂ ಅಷ್ಟೇ. ಹೋಟೆಲಿನಲ್ಲಿ ನನ್ನನ್ನು ನೋಡಲು ಬಂದ ದಿನ ಇವರು ಕೇಳಿದ್ದು ಒಂದೇ ಮಾತು, ನೆನಪಿದೆಯಾ? "ಹೀಲ್ಸ್ ಬಿಚ್ಚಿ ಒಂದ್ಸಲ ನಿಲ್ತೀರಾ?" ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.